ಕಂಪನಿ ಸರ್ಟಿಫೈ ಮಾಡಿದ ಹಳೆ ಲಕ್ಷುರಿ ಕಾರು: ನಮ್ಮ ಕರಾವಳಿ, ಘಟ್ಟದ ಮನೆಗೆ ತರಬಹುದಾ?

ಬೇಸಿಗೆ ಶುರುವಾಗುವ ಹೊತ್ತಿಗೆ ಶಿರಸಿಯಿಂದ ಭಾವ ಫೋನ್ ಮಾಡಿದರು. ಅಡಿಕೆ ಕೊಟ್ಟ ದುಡ್ಡು ಕೈಗೆ ಬಂದಿತ್ತು. ಗೋವಾಕ್ಕೆ ಹೋಗಿ ಒಂದು ಜರ್ಮನ್ ಕಾರು ನೋಡಿಕೊಂಡು ಬಂದಿದ್ದರು. ಹೊಸದರಲ್ಲಿ ಶೋರೂಮ್ ಬೆಲೆ 52 ಲಕ್ಷ ಇದ್ದ ಗಾಡಿ. ನಾಲ್ಕು ವರ್ಷ ದಾಟಿದೆ, ಈಗ 27 ಲಕ್ಷಕ್ಕೆ ಕೊಡುತ್ತಾರೆ. "ಕಂಪನಿಯವರೇ ಸರ್ಟಿಫೈ ಮಾಡಿದ್ದು, ವಾರಂಟಿಯೂ ಇದೆ. ನಾಳೆ ಟೋಕನ್ ಕೊಟ್ಟುಬಿಡಲಾ?" ಅಂದರು.

ಎರಡು ವಾರ ತಡೆಯಿರಿ ಭಾವ, ಅಂದೆ. ಆ ಎರಡು ವಾರದಲ್ಲಿ ನಾವಿಬ್ಬರೂ ಸೇರಿ ಏನೇನು ನೋಡಿದೆವು, ಯಾವ ಕ್ರಮದಲ್ಲಿ ನೋಡಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನವರಿಗೆ ಬರೆದ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಉಪ್ಪು ಗಾಳಿ ಇರುವುದಿಲ್ಲ, ನಾಲ್ಕು ತಿಂಗಳ ಮಳೆ ಇರುವುದಿಲ್ಲ, ಕೊಟ್ಟಿಗೆ ಪಕ್ಕದ ಇಲಿ ಇರುವುದಿಲ್ಲ.

ಮೊದಲು ಕಾರನ್ನಲ್ಲ, ವರ್ಕ್‌ಶಾಪ್ ನೋಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯೊಳಗೆ ಮರ್ಸಿಡಿಸ್, ಬಿಎಂಡಬ್ಲ್ಯು, ಆಡಿಗೆ ಅಧಿಕೃತ ವರ್ಕ್‌ಶಾಪ್ ಇಲ್ಲ. ಬ್ರ್ಯಾಂಡ್ ಯಾವುದು ಅನ್ನುವುದರ ಮೇಲೆ ಗೋವಾಕ್ಕೋ ಮಂಗಳೂರಿಗೋ ಹೋಗಬೇಕು, ಇಲ್ಲವೇ ಹುಬ್ಬಳ್ಳಿ–ಬೆಳಗಾವಿ ಕಡೆ ವಿಚಾರಿಸಬೇಕು. ಕಾರವಾರದಿಂದ ಪಣಜಿ ಸುಮಾರು 100 ಕಿ.ಮೀ. ಶಿರಸಿಯಿಂದ ಹುಬ್ಬಳ್ಳಿಯೂ ಹೆಚ್ಚುಕಡಿಮೆ ಅಷ್ಟೇ. ಭಟ್ಕಳದವರಿಗೆ ಮಂಗಳೂರು 140 ಕಿ.ಮೀ. ಸುತ್ತಮುತ್ತ. ಹೊನ್ನಾವರ, ಕುಮಟಾದವರು ನಡುವೆ ಸಿಕ್ಕಿಕೊಂಡಿದ್ದೇವೆ, ಎರಡೂ ಕಡೆ ದೂರವೇ.

ಬೇಸಿಗೆಯಲ್ಲಿ ಈ ದೂರ ದೊಡ್ಡದಲ್ಲ. ಮಳೆಗಾಲದ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಎಷ್ಟು ದಿನ ಬಂದ್ ಆಗಿತ್ತು ಅನ್ನುವುದು ನಮಗೆಲ್ಲ ನೆನಪಿದೆ. ಅದಾದ ಮೂರು ವಾರಕ್ಕೆ, ಆಗಸ್ಟ್ 7ರಂದು ಕಾರವಾರದ ಹಳೆ ಕಾಳಿ ಸೇತುವೆ ಕುಸಿಯಿತು. ಗೋವಾಕ್ಕೆ ಹೋಗುವ ದಾರಿಯೇ ಅದು. ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಅಂಥ ದಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬಂದರೆ ಗಾಡಿ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ.

ಹಾಗಾಗಿ ಟೋಕನ್‌ಗಿಂತ ಮೊದಲು ಎರಡು ಫೋನ್ ಮಾಡಿ. ಹತ್ತಿರದ ಅಧಿಕೃತ ವರ್ಕ್‌ಶಾಪಿಗೆ ಮಾಡಿ, ನೀವು ನೋಡಿದ ಮಾಡೆಲ್ ಹೇಳಿ, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಸಾಮಾನು ಸ್ಟಾಕ್ ಇರುತ್ತದಾ, ತರಿಸಬೇಕಾದರೆ ಎಷ್ಟು ದಿನ ಅಂತ ಕೇಳಿ. ಎರಡನೆಯ ಫೋನ್ ರಸ್ತೆ ಸಹಾಯದ ನಂಬರಿಗೆ. ಅಣಶಿ ಘಟ್ಟದಲ್ಲಿ ಗಾಡಿ ನಿಂತರೆ ಫ್ಲಾಟ್‌ಬೆಡ್ ಲಾರಿ (ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಂಡು ಹೋಗುವಂಥದ್ದು) ಎಲ್ಲಿಂದ ಬರುತ್ತದೆ, ಎಷ್ಟು ಕಿ.ಮೀ. ತನಕ ಉಚಿತ ಅಂತ ವಿಚಾರಿಸಿ. ಫ್ಲಾಟ್‌ಬೆಡ್ಡೇ ಬೇಕು ಅನ್ನುವುದಕ್ಕೆ ಕಾರಣ ಇದೆ. ಆಟೊಮ್ಯಾಟಿಕ್ ಗೇರಿನ, ಅದರಲ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಗೇರ್‌ಬಾಕ್ಸ್ ಹಾಳಾಗಬಹುದು. ಊರಿನ ಜೀಪಿಗೆ ಹಗ್ಗ ಕಟ್ಟಿ ಎಳೆಸುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಈ ಎರಡು ಉತ್ತರ ಸಮಾಧಾನ ತರದಿದ್ದರೆ ಮುಂದಿನದ್ದು ಓದುವುದೂ ಬೇಡ. ಆ ದುಡ್ಡಿಗೆ ಊರಲ್ಲೇ ರಿಪೇರಿಯಾಗುವ ಹೊಸ ಗಾಡಿ ತಗೊಳ್ಳಿ. ಮನೆಯಲ್ಲಿ ಇದೊಂದೇ ಗಾಡಿ ಇರುವುದು, ಅದರಲ್ಲೇ ಆಸ್ಪತ್ರೆ, ಶಾಲೆ, ತೋಟ ಎಲ್ಲ ಆಗಬೇಕು ಅನ್ನುವವರಿಗೂ ನನ್ನ ಮಾತು ಇದೇ.

‘ಸರ್ಟಿಫೈಡ್’ ಅಂದರೆ ಯಾರ ಸರ್ಟಿಫಿಕೇಟು?

ಈ ಪದ ಮೂರು ಜಾಗದಲ್ಲಿ ಮೂರು ಅರ್ಥ ಕೊಡುತ್ತದೆ. ಒಂದು, ಕಾರು ತಯಾರಿಸಿದ ಕಂಪನಿಯದ್ದೇ ಯೋಜನೆ. ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್, ಮರ್ಸಿಡಿಸ್-ಬೆಂಜ್ ಸರ್ಟಿಫೈಡ್ ಇವೆಲ್ಲ ಆ ಜಾತಿಯವು. ಎರಡು, ಎಲ್ಲ ಬ್ರ್ಯಾಂಡ್ ಮಾರುವ ದೊಡ್ಡ ಸಂಸ್ಥೆಗಳು ತಾವೇ ಪರೀಕ್ಷೆ ಮಾಡಿ ಕೊಡುವ ಕಾಗದ. ಮೂರು, ಯಾವುದೋ ವ್ಯಾಪಾರಿ ತಾನೇ ಪ್ರಿಂಟ್ ಹಾಕಿಸಿ ಗಾಜಿಗೆ ಅಂಟಿಸಿದ ಚೀಟಿ. ಮೂರನೆಯದಕ್ಕೆ ಬೆಲೆಯೇ ಇಲ್ಲ. ಎರಡನೆಯದರಲ್ಲಿ ವಾರಂಟಿ ಕೊಡುವವರು ಯಾರು, ರಿಪೇರಿ ಯಾವ ಗ್ಯಾರೇಜಿನಲ್ಲಿ ಅಂತ ಬರಹದಲ್ಲಿ ಇರಬೇಕು. ಮೊದಲನೆಯದರಲ್ಲೂ ಕಣ್ಣು ಮುಚ್ಚಿ ಸಹಿ ಹಾಕಬಾರದು.

ನೂರು ಅಂಶ, ಇನ್ನೂರು ಅಂಶ ಪರೀಕ್ಷೆ ಮಾಡಿದ್ದೇವೆ ಅಂತ ಹೇಳುತ್ತಾರೆ. ಒಳ್ಳೆಯದೇ. ಆದರೆ ಟಿಕ್ ಹಾಕಿದ ಆ ಪಟ್ಟಿಯನ್ನು ನಿಮ್ಮ ಕೈಗೆ ಕೊಡಲಿ. ಯಾವ ಸಾಮಾನು ಬದಲಿಸಿದ್ದಾರೆ, ಯಾವುದನ್ನು ‘ಸದ್ಯಕ್ಕೆ ಸರಿ ಇದೆ’ ಅಂತ ಬಿಟ್ಟಿದ್ದಾರೆ ಅನ್ನುವುದು ಅದರಲ್ಲಿ ಇರುತ್ತದೆ. ಬ್ರೇಕ್ ಪ್ಯಾಡ್ ಇನ್ನು ಎಷ್ಟು ಉಳಿದಿದೆ ಅನ್ನುವ ಒಂದು ಸಾಲು, ಇಡೀ ಶೋರೂಮಿನ ಮಾತಿಗಿಂತ ನಿಮಗೆ ಉಪಯೋಗ.

ವಾರಂಟಿ ಪುಸ್ತಕದಲ್ಲಿ ‘ಏನು ಸೇರಿದೆ’ ಅನ್ನುವ ಪುಟ ಎಲ್ಲರೂ ಓದುತ್ತಾರೆ. ನೀವು ‘ಏನು ಸೇರಿಲ್ಲ’ ಅನ್ನುವ ಪುಟ ಓದಿ. ಟಯರ್, ಬ್ಯಾಟರಿ, ಬ್ರೇಕ್, ವೈಪರ್, ಬುಷ್‌ಗಳಂಥ ಸವೆಯುವ ಸಾಮಾನು ಸಾಮಾನ್ಯವಾಗಿ ಸೇರಿರುವುದಿಲ್ಲ. ಇಲಿ ಕಡಿದ ವೈರಿಂಗ್, ಒಳಗೆ ನೀರು ಹೊಕ್ಕಿ ಆದ ಹಾನಿ ಕೂಡ ಬಹಳ ಕಡೆ ಹೊರಗೇ. ನಮ್ಮ ಕಡೆ ಗಾಡಿಗೆ ಬರುವ ಕಾಯಿಲೆಗಳೇ ಇವು, ಅಲ್ವಾ?

ಇದನ್ನು ಒತ್ತಿ ಹೇಳಲಿಕ್ಕೆ ಕಾರಣ ಇದೆ. ಹೊನ್ನಾವರದ ನನ್ನ ಗೆಳೆಯನೊಬ್ಬ ಸರ್ಟಿಫೈಡ್ ಗಾಡಿಯನ್ನೇ ತಗೊಂಡಿದ್ದ. ಮನೆ ಎದುರು ಹಲಸಿನ ಮರದ ಕೆಳಗೆ ನಿಲ್ಲಿಸುತ್ತಿದ್ದ. ಜುಲೈನಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಕಾಲಡಿಯ ಮ್ಯಾಟ್ ಒದ್ದೆ. ಸನ್‌ರೂಫಿನ ನಾಲ್ಕು ಮೂಲೆಯಲ್ಲಿ ನೀರು ಇಳಿದುಹೋಗಲು ಸಣ್ಣ ಕೊಳವೆ ಇರುತ್ತವೆ. ಎಲೆ ಕೊಳೆತು ಅವು ಕಟ್ಟಿಕೊಂಡಿದ್ದವು. ನೀರು ಸೀಟಿನ ಕೆಳಗಿದ್ದ ಎಲೆಕ್ಟ್ರಾನಿಕ್ ಪೆಟ್ಟಿಗೆಯ ತನಕ ಹೋಗಿತ್ತು. ವಾರಂಟಿ ಸಿಗಲಿಲ್ಲ, ‘ನಿರ್ವಹಣೆಯ ಲೋಪ’ ಅಂತ ಬರೆದು ಕೊಟ್ಟರು. ಒಂದು ಲಕ್ಷದ ಮೇಲೆ ಖರ್ಚಾಯಿತು. ವರ್ಷಕ್ಕೆ ಎರಡು ಸಲ ಆ ಕೊಳವೆ ಸ್ವಚ್ಛ ಮಾಡಿಸಬೇಕು ಅಂತ ಗಾಡಿ ಕೊಡುವ ದಿನ ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಸಂಕಟ ನೋಡಿದ ಮೇಲೆ ಈ ವಿಷಯ ನಾನು ಎಲ್ಲರಿಗೂ ಹೇಳುತ್ತೇನೆ.

ನಂಬರ್ ಪ್ಲೇಟ್ ನೋಡಿ ಲೆಕ್ಕ ಹಾಕಿ

ಭಾವನ ಕಾರು ಗೋವಾ ನಂಬರಿನದ್ದು. ಕಾರವಾರ, ಅಂಕೋಲಾದ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಗಡಿ ಹತ್ತಿರ, ಬೆಲೆ ಕಡಿಮೆ, ಜಿಎ ಗಾಡಿ ಎಲ್ಲೆಲ್ಲೂ ಓಡಾಡುತ್ತದೆ. ತಂದರೆ ಏನಾಯಿತು ಅನ್ನಿಸುತ್ತದೆ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ ಇಲ್ಲಿನ ನಂಬರ್ ಮಾಡಿಸಬೇಕು. ನೀವು ಖರೀದಿಸಿ ನಿಮ್ಮ ಶಿರಸಿ ವಿಳಾಸಕ್ಕೆ ಆರ್‌ಸಿ ಮಾಡಿಸಿಕೊಳ್ಳುವಾಗ ಆ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಈ ತೆರಿಗೆ 18%, ಅದರ ಮೇಲೆ ಸೆಸ್. ಗಾಡಿಯ ಪ್ರಾಯ ನೋಡಿ ಒಂದಷ್ಟು ಕಡಿತ ಸಿಗುತ್ತದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ 27 ಲಕ್ಷದಿಂದಲ್ಲ, ಗಾಡಿ ಹೊಸದಿದ್ದಾಗಿನ 52 ಲಕ್ಷದಿಂದ. ಇದು ಬಹಳ ಜನರಿಗೆ ಗೊತ್ತಿಲ್ಲ. ಲೆಕ್ಕ ಹಾಕಿದರೆ, ಕಡಿತ ಹೋಗಿಯೂ ಭಾವ ಕಟ್ಟಬೇಕಾದ ತೆರಿಗೆ 7 ಲಕ್ಷ ದಾಟುತ್ತಿತ್ತು. ಅಲ್ಲಿಗೆ 27 ಲಕ್ಷದ ಕಾರು 34 ಲಕ್ಷ ಮೀರುತ್ತಿತ್ತು. ಅದೇ ಮಾಡೆಲ್, ಅದೇ ವರ್ಷದ ಬೆಂಗಳೂರಿನ ಗಾಡಿಗೆ 31 ಕೇಳುತ್ತಿದ್ದರು. ಕೆಎ ನಂಬರಿನ ಗಾಡಿಗೆ ತೆರಿಗೆ ಆಗಲೇ ಕಟ್ಟಿ ಆಗಿದೆ. ಅದು ಕೆಎ 30 ಕಾರವಾರಕ್ಕೆ ಬಂದರೂ, ಕೆಎ 31 ಶಿರಸಿಗೆ ಬಂದರೂ, ಹೊನ್ನಾವರದ ಕೆಎ 47ಕ್ಕೆ ಬಂದರೂ ಮತ್ತೆ ಕಟ್ಟುವುದಿಲ್ಲ.

ಜಿಎ ನಂಬರಿನಲ್ಲೇ ಸುಮ್ನೆ ಓಡಿಸಿದರಾಯಿತು ಅಂತ ಸಲಹೆ ಕೊಡುವವರು ಇರುತ್ತಾರೆ. ಬೇಡ. ಆರ್‌ಸಿ ಹಿಂದಿನವರ ಹೆಸರಲ್ಲೇ ಇದ್ದು ಅಪಘಾತವಾದರೆ ವಿಮೆಯ ಹಣಕ್ಕೆ ಒದ್ದಾಡಬೇಕಾಗುತ್ತದೆ.

ಬೆಲೆ ಸರಿ ಇದೆಯಾ ಅಂತ ನೋಡಲಿಕ್ಕೆ ಒಂದು ಸುಲಭ ಅಳತೆ ಇದೆ. ವಿಮಾ ಕಂಪನಿಗಳು ಗಾಡಿಯ ಮೌಲ್ಯ ಕಟ್ಟುವಾಗ ಒಂದು ನಿಗದಿತ ಸವಕಳಿ ಪಟ್ಟಿ ಬಳಸುತ್ತವೆ. ಹೊಸ ಬೆಲೆಯಲ್ಲಿ ಕಳೆಯುವುದು ಎರಡರಿಂದ ಮೂರು ವರ್ಷದ ಗಾಡಿಗೆ 30%, ಮೂರರಿಂದ ನಾಲ್ಕಕ್ಕೆ 40%, ನಾಲ್ಕರಿಂದ ಐದಕ್ಕೆ 50%. ಕೇಳುವ ಬೆಲೆ ಹಾಗೆ ಕಳೆದು ಉಳಿದದ್ದಕ್ಕಿಂತ ಬಹಳ ಮೇಲಿದ್ದರೆ ಯಾಕೆ ಅಂತ ಕೇಳಿ. ಬಹಳ ಕೆಳಗಿದ್ದರೆ ಇನ್ನೂ ಗಟ್ಟಿಯಾಗಿ ಕೇಳಿ. ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಸೆಸ್ ಇಲ್ಲದೆ 40% ಆಯಿತು. ಮೊದಲು 28%ರ ಮೇಲೆ ಸೆಸ್ ಸೇರಿ ಅದಕ್ಕಿಂತ ಜಾಸ್ತಿ ಇತ್ತು. ಹೊಸ ಕಾರುಗಳ ಬೆಲೆ ಇಳಿಯಿತು. ‘ಹೊಸದಕ್ಕೆ ಇಷ್ಟಿತ್ತು’ ಅಂತ ಹಳೆ ಬೆಲೆ ತೋರಿಸಿದರೆ, ಇವತ್ತಿನ ಹೊಸ ಬೆಲೆ ಎಷ್ಟು ಅಂತ ನೀವೇ ವಿಚಾರಿಸಿ ಹೋಲಿಸಿ.

ಕೊಟ್ಟ ಬೆಲೆಯ ಮೇಲೆ ಮೊದಲ ಎರಡು ವರ್ಷಕ್ಕೆ ಅಂತ ಬೇರೆ ದುಡ್ಡು ತೆಗೆದಿಡಲೇಬೇಕು. ಭಾವನಿಗೆ ನಾನು ಹೇಳಿದ್ದು 3 ಲಕ್ಷ. ಈ ಗಾಡಿಗಳ ಒಂದೊಂದು ಟಯರ್ 20 ಸಾವಿರ ದಾಟುವುದು ಸಾಮಾನ್ಯ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿಯ ಮೇಲೆ ಗಾಡಿ ನಿಲ್ಲಿಸುವ ವ್ಯವಸ್ಥೆ) ಇದ್ದರೆ ಒಂದು ಚಕ್ರದ ಸ್ಟ್ರಟ್ಟಿಗೇ ಲಕ್ಷ ಮುಟ್ಟಬಹುದು. ಗಾಡಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಬಿಡಿಭಾಗ ಅರ್ಧ ಬೆಲೆಗೆ ಬರುವುದಿಲ್ಲ. 52 ಲಕ್ಷದ ಕಾರಿನ ಹೆಡ್‌ಲೈಟಿಗೆ 52 ಲಕ್ಷದ ಕಾರಿನ ಬೆಲೆಯೇ. ಆ 3 ಲಕ್ಷ ಇಲ್ಲ ಅಂತಾದರೆ ಒಂದು ಮೆಟ್ಟಿಲು ಕೆಳಗಿನ ಗಾಡಿ ನೋಡಿ.

ಗಾಡಿ ಎಲ್ಲಿ ಬಾಳಿತ್ತು?

ಶೋರೂಮಿನಲ್ಲಿ ಎಲ್ಲ ಕಾರೂ ಹೊಳೆಯುತ್ತದೆ. ಮೇಲಿನ ಬಣ್ಣ ನೋಡಿ ಸಮಯ ಕಳೆಯಬೇಡಿ. ಲಿಫ್ಟ್ ಮೇಲೆ ಎತ್ತಿಸಿ ಕೆಳಗೆ ನೋಡಿ. ಒಪ್ಪದಿದ್ದರೆ ಅಲ್ಲಿಂದ ಬನ್ನಿ.

ಸಮುದ್ರದ ಪಕ್ಕ ನಿಂತ ಗಾಡಿ ತುಕ್ಕು ಹಿಡಿಯುವುದು ಕೆಳಗಿನಿಂದ. ಬ್ರೇಕ್ ಡಿಸ್ಕಿನ ಮೇಲೆ ತೆಳುವಾದ ಕೆಂಪು ಇದ್ದರೆ ಚಿಂತೆ ಇಲ್ಲ, ಮಳೆ ಬಿದ್ದ ಮರುದಿನ ಎಲ್ಲ ಗಾಡಿಗೂ ಬರುತ್ತದೆ. ನೋಡಬೇಕಾದ್ದು ಸಸ್ಪೆನ್ಷನ್ ಹಿಡಿದಿರುವ ಚೌಕಟ್ಟು, ಬ್ರೇಕ್ ಪೈಪು, ಸೈಲೆನ್ಸರಿನ ಜಾಯಿಂಟು, ಬೋಲ್ಟುಗಳ ತಲೆ. ಬೋಲ್ಟಿನ ಮೂಲೆ ಉದುರಿ ಉರುಟಾಗಿದ್ದರೆ ಮುಂದೆ ಪ್ರತಿ ರಿಪೇರಿಯೂ ಕಷ್ಟ. ವೈರಿಂಗ್ ಕನೆಕ್ಟರಿನ ಒಳಗೆ ಹಸಿರು ಪುಡಿ ಕಂಡರೆ ಅದೂ ಉಪ್ಪಿನದ್ದೇ ಕೆಲಸ. ಗೋವಾ, ಮುಂಬಯಿ, ಮಂಗಳೂರಿನ ಗಾಡಿಗಳಲ್ಲಿ ಇದನ್ನು ಜಾಸ್ತಿ ಹುಡುಕಿ. ಬೆಂಗಳೂರು, ಹುಬ್ಬಳ್ಳಿ ಕಡೆಯ ಗಾಡಿಗೆ ಈ ತೊಂದರೆ ಕಡಿಮೆ. ನನಗೆ ಆಯ್ಕೆ ಇದ್ದರೆ ಒಣ ಊರಿನ ಗಾಡಿಯನ್ನೇ ಹಿಡಿಯುತ್ತೇನೆ. ನಮ್ಮ ಗಾಳಿ ಅದಕ್ಕೆ ಉಪ್ಪು ಹಚ್ಚಲಿಕ್ಕೆ ಹೇಗೂ ಶುರು ಮಾಡುತ್ತದೆ, ಮೊದಲೇ ಅರ್ಧ ತಿಂದ ಗಾಡಿ ಯಾಕೆ ತರಬೇಕು?

ಬೆಂಗಳೂರಿನ ಗಾಡಿಗೆ ಬೇರೆ ಕಾಯಿಲೆ ಇರುತ್ತದೆ, ಮುಖ್ಯವಾಗಿ ಡೀಸೆಲ್‌ಗೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಅದು ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಲಿಕ್ಕೆ ಗಾಡಿ ಬಿಸಿಯಾಗಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಬೇಕು. ಬರೀ ಸಿಗ್ನಲ್ ಟ್ರಾಫಿಕ್ಕಿನಲ್ಲಿ ಬದುಕಿದ ಗಾಡಿಯಲ್ಲಿ ಅದು ಕಟ್ಟಿಕೊಂಡಿರಬಹುದು. ವರ್ಕ್‌ಶಾಪಿನ ಸ್ಕ್ಯಾನರಿನಲ್ಲಿ ಮಸಿಯ ಪ್ರಮಾಣ ಗೊತ್ತಾಗುತ್ತದೆ, ಕೇಳಿ ನೋಡಿಸಿ. ನಿಮ್ಮ ಓಡಾಟವೂ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಷ್ಟೇ ಆದರೆ ಡೀಸೆಲ್ ಬೇಡ, ಪೆಟ್ರೋಲ್ ನೋಡಿ. ಪೆಟ್ರೋಲ್ ಆದರೆ ಆ ವರ್ಷದ ಮಾಡೆಲ್ 20% ಎಥೆನಾಲ್ ಇರುವ ಪೆಟ್ರೋಲಿಗೆ ಹೊಂದುತ್ತದಾ ಅಂತ ಕಂಪನಿಯಿಂದ ಬರಹದಲ್ಲಿ ತಗೊಳ್ಳಿ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ.

ನೆರೆ ನೀರಿನಲ್ಲಿ ಮುಳುಗಿದ ಗಾಡಿಯನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಯಾರೂ ತೊಳೆಯದ ಜಾಗ ಅದು, ಮಣ್ಣಿನ ಗೆರೆ ಅಲ್ಲೇ ಉಳಿಯುತ್ತದೆ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿ ಗುಂಡಿ ನೋಡಿ. ಜರ್ಮನ್ ಗಾಡಿಗಳಲ್ಲಿ ಬಹಳಷ್ಟು ಸಲ ಬ್ಯಾಟರಿ ಇರುವುದೂ ಅಲ್ಲೇ. ಮೂಗಿಗೆ ಬೂಸ್ಟು ಹಿಡಿದ ವಾಸನೆ ಬಂದರೆ, ಅಥವಾ ಅದನ್ನು ಮುಚ್ಚಲಿಕ್ಕೆ ಸೆಂಟಿನ ವಾಸನೆ ಜೋರಾಗಿದ್ದರೆ, ಮಾತು ಮುಂದುವರಿಸಬೇಡಿ.

ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ಸಿಗುತ್ತದೆ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಸುತ್ತ. ಒಂದು ಬಾಗಿಲು ಮಾತ್ರ 300 ದಾಟಿದರೆ ಅಲ್ಲಿ ಪುಟ್ಟಿ ಬಿದ್ದಿದೆ. ಸಣ್ಣ ಗೀರಿಗೆ ಬಣ್ಣ ಹೊಡೆಸಿದ್ದರೆ ತಪ್ಪಿಲ್ಲ. ಛಾವಣಿಯಲ್ಲಿ, ಬಾಗಿಲ ಕಂಬದಲ್ಲಿ ಪುಟ್ಟಿ ಇದ್ದರೆ ಬಿಟ್ಟುಬಿಡಿ. ಟಯರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಮೀಟರಿನಲ್ಲಿ 18 ಸಾವಿರ ಕಿ.ಮೀ. ಇದ್ದು ನಾಲ್ಕೂ ಟಯರ್ ಆಗಲೇ ಬದಲಾಗಿದ್ದರೆ ಸರ್ವಿಸ್ ದಾಖಲೆ ಇನ್ನೊಮ್ಮೆ ತೆಗೆಸಿ. ಅಧಿಕೃತ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ಪ್ರತಿ ಸರ್ವಿಸಿನ ದಿನಾಂಕ, ಕಿ.ಮೀ. ಇರುತ್ತದೆ. ಛಾಸಿ ನಂಬರ್ ಕೊಟ್ಟು ಅದನ್ನು ಹೊಂದಿಸಿ ನೋಡಿ.

ಇಷ್ಟೆಲ್ಲ ಸ್ವಂತ ಕಣ್ಣಿಗೆ ಸಿಗುವುದಿಲ್ಲ ಅನ್ನಿಸಿದರೆ, ಮಾರುವವರ ಸಂಬಂಧ ಇಲ್ಲದ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕರೆದೊಯ್ಯಿರಿ. ಭಾವ ಕರೆದುಕೊಂಡು ಹೋದವರು ಅರ್ಧ ಗಂಟೆಯಲ್ಲಿ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ಜಿನುಗುವುದನ್ನು ತೋರಿಸಿದರು. ಸೀಲು ಬದಲಿಸಿಕೊಟ್ಟ ಮೇಲೆಯೇ ಮಾತು ಮುಂದೆ ಹೋಯಿತು.

ಓಡಿಸುವಾಗ

ಶೋರೂಮಿನ ಎದುರಿನ ನುಣುಪು ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ, ನೀವೇ ಸ್ಟಾರ್ಟ್ ಮಾಡಿ. ಮೊದಲ ಹತ್ತು ಸೆಕೆಂಡಿನ ಸದ್ದು ಕೇಳಿ. ಏರು ಹುಡುಕಿ ನಿಧಾನ ಹತ್ತಿಸಿ, ಗೇರ್ ಬದಲಾಗುವಾಗ ಜರ್ಕ್ ಇದೆಯಾ ನೋಡಿ. ಹಂಪ್ ಹಾರಿಸಿ, ಕಿಟಕಿ ಇಳಿಸಿ, ಕೆಳಗಿನ ಟಕಟಕ ಆಲಿಸಿ. ನಿಮ್ಮ ತೋಟದ ಮಣ್ಣು ರಸ್ತೆಯ ಅತಿ ಎತ್ತರದ ದಿಣ್ಣೆಯನ್ನು ಮೊದಲೇ ಅಳೆದುಕೊಂಡು ಹೋಗಿ. ಸೆಡಾನುಗಳ ಹೊಟ್ಟೆ ನೆಲದಿಂದ 140–165 ಮಿ.ಮೀ. ಮೇಲಿರುತ್ತದೆ ಅಷ್ಟೇ. ಐದು ಜನ ಕೂತರೆ ಇನ್ನೂ ಕೆಳಗೆ. ಭಾವ ಮೊದಲು ಸೆಡಾನ್ ನೋಡಿದ್ದವರು ಎಸ್‌ಯುವಿಗೆ ತಿರುಗಿದ್ದು ಈ ಒಂದೇ ಕಾರಣಕ್ಕೆ.

ಕಾಗದಪತ್ರ

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಬೇರೆ ರಾಜ್ಯದ ಗಾಡಿಗೆ ಫಾರ್ಮ್ 28ರ ಎನ್‌ಒಸಿ. ಬಾಕಿ ದಂಡ ಇದೆಯಾ ಅಂತ ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿ. 2023ರ ಏಪ್ರಿಲ್‌ನಿಂದ ಹಳೆ ವಾಹನದ ವ್ಯಾಪಾರಿಗಳಿಗೆ ಆರ್‌ಟಿಒ ಅಧಿಕಾರ ಪತ್ರದ ನಿಯಮ ಬಂದಿದೆ, ಅದನ್ನು ತೋರಿಸಲು ಹೇಳಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಹಾಗಾಗಿ ಕಂತು ಜಾಸ್ತಿ ಅನ್ನಿಸಬಹುದು. ಇಂಜಿನ್ ಪ್ರೊಟೆಕ್ಷನ್ ಸೇರಿಸದೆ ನಮ್ಮ ಮಳೆಯಲ್ಲಿ ಓಡಿಸಬೇಡಿ. ನೀರು ಎಳೆದುಕೊಂಡು ಇಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈ ಹಿಡಿಯುವುದಿಲ್ಲ.

ಬಾಯಿಮಾತಿನಲ್ಲಿ ಕೊಟ್ಟ ಪ್ರತಿ ಭರವಸೆಯನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ. ನಾಳೆ ತಕರಾರಾದರೆ ದೂರು ಕೊಡಲಿಕ್ಕೆ ಗೋವಾಕ್ಕೋ ಬೆಂಗಳೂರಿಗೋ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಕಾರವಾರದ ಜಿಲ್ಲಾ ಆಯೋಗವೇ ಸಾಕು. ಸಹಾಯವಾಣಿ 1915. ಆದರೆ ಕೈಯಲ್ಲಿ ಬರಹ ಇರಬೇಕು.

ಮನೆಗೆ ತಂದ ಮೇಲೆ

ಭಾವ ಗೋವಾದ ಗಾಡಿ ಬಿಟ್ಟರು. ಬೆಂಗಳೂರಿನಿಂದ ಕೆಎ ನಂಬರಿನ ಮೂರು ವರ್ಷದ ಪೆಟ್ರೋಲ್ ಎಸ್‌ಯುವಿ ತಂದರು. ಹಳೆ ಜೀಪನ್ನು ಮಾರಲಿಲ್ಲ, ತೋಟಕ್ಕೆ ಅದೇ.

ಬಂದ ವಾರವೇ ಮಾಡಿದ ಕೆಲಸ ಹೇಳುತ್ತೇನೆ. ಗಾಡಿಯನ್ನು ಅಡಿಕೆ ಸಿಪ್ಪೆ, ಹಿಂಡಿ ಚೀಲ ಇಡುವ ಮಾಡಿನಿಂದ ಈಚೆಗೆ ತಂದು ಬೇರೆ ಶೀಟು ಹಾಕಿಸಿದರು. ಇಲಿ ಅಲ್ಲೇ ಸೇರುವುದು. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತಾರೆ, ರಾತ್ರಿ ಅಲ್ಲೊಂದು ಬಲ್ಬು ಉರಿಯುತ್ತದೆ. ಕೆಳಭಾಗಕ್ಕೆ ತುಕ್ಕು ನಿರೋಧಕ ಹೊಡೆಸಿದರು. ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗಿ ಬಂದ ಮರುದಿನ ಗಾಡಿಯ ಹೊಟ್ಟೆಗೆ ಸಿಹಿನೀರು ಬಿಟ್ಟು ತೊಳೆಯುತ್ತಾರೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸದೆ, ನಾಲ್ಕು ದಿನಕ್ಕೊಮ್ಮೆ ಎಸಿ ಹಾಕಿ ಅರ್ಧ ಗಂಟೆ ಓಡಿಸಿದರೆ ಚರ್ಮದ ಸೀಟಿಗೆ ಬೂಸ್ಟು ಬರುವುದಿಲ್ಲ, ಬ್ಯಾಟರಿಯೂ ಇಳಿಯುವುದಿಲ್ಲ.

ಮೇ ಕೊನೆಯ ವಾರ ನಾನೇ ಶಿರಸಿಗೆ ಹೋಗಿದ್ದೆ. ಸನ್‌ರೂಫ್ ತೆಗೆದು, ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನವಾಗಿ ಹೊಯ್ದೆವು. ಮೂರು ಕಡೆ ಚಕ್ರದ ಹತ್ತಿರ ನೀರು ಕೆಳಗೆ ಬಿತ್ತು. ಹಿಂದಿನ ಎಡಮೂಲೆಯಲ್ಲಿ ಬೀಳಲಿಲ್ಲ. ಮರುದಿನ ಬೆಳಗ್ಗೆಯೇ ವರ್ಕ್‌ಶಾಪಿಗೆ ಹೊರಟರು.